ಸಾಕ್ಷಿಯ ಮಾತಿನ ‘ಅಂತೆ’ ಮತ್ತು ನ್ಯಾಯಾಲಯದ ದಾಖಲೆ: ಕನ್ನಡ ಸಾಕ್ಷ್ಯಲೇಖನದ ಅಂತರ್ಜಾಲ ಸಂಪನ್ಮೂಲಗಳ ಒಂದು ಪರಿಶೀಲನೆ

ಸಾರಾಂಶ

ವಿಚಾರಣಾ ನ್ಯಾಯಾಲಯಗಳಲ್ಲಿ ಕನ್ನಡದ ಸಾಕ್ಷ್ಯವನ್ನು ಬರೆದುಕೊಳ್ಳುವ ಶೀಘ್ರಲಿಪಿಗಾರರಿಗೆ ಮತ್ತು ಬೆರಳಚ್ಚುಗಾರರಿಗೆ ಇಂದು ಅಂತರ್ಜಾಲದಲ್ಲಿ ಅಕ್ಷರ ತಂತ್ರಾಂಶ, ಪದಕೋಶ, ಉಕ್ತಲೇಖನದ ಧ್ವನಿಮುದ್ರಿಕೆ, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಎಲ್ಲವೂ ದೊರೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಶಿಷ್ಟ ಬರಹವನ್ನು ಮಾದರಿಯಾಗಿ ಇಟ್ಟುಕೊಂಡಿವೆ. ಆಡುಮಾತು ದಾಖಲೆಯ ಭಾಷೆಯಾಗುವಾಗ ವ್ಯಾಕರಣದಲ್ಲಿ ಆಗುವ ಬದಲಾವಣೆಗೆ ಇವುಗಳಲ್ಲಿ ಮಾರ್ಗದರ್ಶನವಿಲ್ಲ ಎಂಬುದು ಈ ಲೇಖನದ ವಾದ. ಇದನ್ನು ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಕನ್ನಡದ ‘ಅಂತೆ/ಅಂತ’ ರೂಪಗಳನ್ನು ಆಧರಿಸಿ ವಿವರಿಸಿದ್ದೇವೆ.

ಮುಖ್ಯ ಪದಗಳು: ಸಾಕ್ಷ್ಯಲೇಖನ, ಆಧಾರಸೂಚಕತೆ, ವರದಿಸೂಚಕ, ಶೀಘ್ರಲಿಪಿ, ಪ್ರಾದೇಶಿಕ ಕನ್ನಡ

1. ಪೀಠಿಕೆ

ಸಾಕ್ಷಿಯೊಬ್ಬರು ‘ಅವನು ಹೊಡೆದ’ ಎಂದು ನುಡಿಯುವುದಕ್ಕೂ ‘ಅವನು ಹೊಡೆದನಂತೆ’ ಎಂದು ನುಡಿಯುವುದಕ್ಕೂ ಇರುವ ಅಂತರ ಕನ್ನಡಿಗರೆಲ್ಲರಿಗೂ ತಿಳಿದಿದೆ. ಮೊದಲನೆಯದರಲ್ಲಿ ಮಾತಿನ ಹೊಣೆಯನ್ನು ಹೇಳುವವನೇ ಹೊರುತ್ತಾನೆ. ಎರಡನೆಯದರಲ್ಲಿ ಸುದ್ದಿ ಮತ್ತೊಬ್ಬರಿಂದ ಬಂದದ್ದೆಂದು ಪ್ರತ್ಯಯವೇ ಸಾರುತ್ತದೆ. ತಿಳಿವಳಿಕೆಯ ಮೂಲವನ್ನು ವ್ಯಾಕರಣದ ಮೂಲಕವೇ ಸೂಚಿಸುವ ಇಂಥ ವ್ಯವಸ್ಥೆಯನ್ನು ಭಾಷಾವಿಜ್ಞಾನದಲ್ಲಿ ಆಧಾರಸೂಚಕತೆ ಎನ್ನುತ್ತೇವೆ. ‘ಅಂತೆ’ ಅದರ ಒಂದು ಬಗೆಯಾದ ವರದಿಸೂಚಕ.

ಕಾನೂನಿಗೂ ಈ ಅಂತರ ಮುಖ್ಯವಾದುದು. ಮೌಖಿಕ ಸಾಕ್ಷ್ಯ ನೇರವಾಗಿರಬೇಕು, ನೋಡಿದ್ದನ್ನು ನೋಡಿದವರೇ ಹೇಳಬೇಕು ಎಂಬುದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಕಲಮಿನ ನಿಯಮವಾಗಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೆಯ ಕಲಮು ಅದನ್ನೇ ಮುಂದುವರಿಸಿದೆ. ಹೀಗಾಗಿ ಕನ್ನಡದ ಒಂದು ಪುಟ್ಟ ಪ್ರತ್ಯಯವು ಕಂಡ ಸಾಕ್ಷ್ಯವನ್ನೂ ಕೇಳಿದ ಸಾಕ್ಷ್ಯವನ್ನೂ ಬೇರ್ಪಡಿಸುತ್ತದೆ. ಈ ಪ್ರತ್ಯಯ ದಾಖಲೆಯಲ್ಲಿ ಉಳಿಯುತ್ತದೆಯೇ, ಅದನ್ನು ಉಳಿಸಲು ಲೇಖಕರ ಕೈಯಲ್ಲಿರುವ ಸಾಧನಗಳು ನೆರವಾಗುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಮುಂದೆ ಬರುವ ಉದಾಹರಣೆಗಳೆಲ್ಲ ವಿವರಣೆಗಾಗಿ ನಾವೇ ರಚಿಸಿದವು. ಯಾವುದೇ ಪ್ರಕರಣದ ಕಡತದಿಂದ ತೆಗೆದವಲ್ಲ.

2. ದಾಖಲೆ ರೂಪುಗೊಳ್ಳುವ ಬಗೆ

ಸೆಷನ್ಸ್ ನ್ಯಾಯಾಲಯದ ಸಾಕ್ಷ್ಯವನ್ನು ನ್ಯಾಯಾಧೀಶರು ತಾವೇ ಬರೆದುಕೊಳ್ಳಬಹುದು, ತೆರೆದ ನ್ಯಾಯಾಲಯದಲ್ಲಿ ಹೇಳಿ ಬರೆಯಿಸಬಹುದು ಅಥವಾ ತಮ್ಮ ನಿರ್ದೇಶನದಲ್ಲಿ ನ್ಯಾಯಾಲಯದ ಅಧಿಕಾರಿಯಿಂದ ಬರೆಯಿಸಬಹುದು. ಅದು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿರಬೇಕು. ನ್ಯಾಯಾಧೀಶರು ತಮ್ಮ ವಿವೇಚನೆಯಂತೆ ಯಾವುದೇ ಭಾಗವನ್ನು ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 276ನೆಯ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 311ನೆಯ ಕಲಮಿನಲ್ಲಿದೆ. ಬರೆದುದನ್ನು ಸಾಕ್ಷಿಗೆ ಓದಿ ಹೇಳಬೇಕೆಂಬ ನಿಯಮ 313ನೆಯ ಕಲಮಿನಲ್ಲಿದೆ. ಸಿವಿಲ್ ದಾವೆಗಳಲ್ಲಿ, 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಬಳಿಕ, ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ನಡೆಯುತ್ತದೆ. ಆದುದರಿಂದ ಅಲ್ಲಿ ಸಾಕ್ಷಿಯ ಸ್ವಂತ ಮಾತು ಕೇಳಿಬರುವುದು ಬಹುಮಟ್ಟಿಗೆ ಪಾಟೀಸವಾಲಿನಲ್ಲಿ ಮಾತ್ರ.

ಭಾಷೆಯ ದೃಷ್ಟಿಯಿಂದ ನೋಡಿದರೆ ಇಲ್ಲಿ ಮೂರು ಬದಲಾವಣೆಗಳು ಒಟ್ಟಿಗೇ ನಡೆಯುತ್ತವೆ. ಪ್ರಶ್ನೋತ್ತರವು ಉತ್ತಮ ಪುರುಷದ ನಿರೂಪಣೆಯಾಗುತ್ತದೆ, ಆಡುಮಾತು ಶಿಷ್ಟ ಬರಹವಾಗುತ್ತದೆ, ಧ್ವನಿ ಅಕ್ಷರವಾಗುತ್ತದೆ. ಪಾಟೀಸವಾಲಿನ ದಾಖಲೆಗಳಲ್ಲಿ ಪರಿಚಿತವಾದ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ವಾಕ್ಯಗಳು ಮೊದಲ ಬದಲಾವಣೆಯ ಫಲ. ‘ನೀನು ಆ ಹೊತ್ತು ಅಲ್ಲಿ ಇರಲಿಲ್ಲ ಅಲ್ವಾ?’ ಎಂದು ವಕೀಲರು ಕೇಳಿ, ಸಾಕ್ಷಿ ‘ಇಲ್ಲ’ ಎಂದರೆ ಆ ಉತ್ತರಕ್ಕೆ ಎರಡು ಅರ್ಥಗಳುಂಟು: ‘ಇಲ್ಲ, ನಾನು ಇರಲಿಲ್ಲ’ ಎಂಬ ಒಪ್ಪಿಗೆ, ಅಥವಾ ‘ಇಲ್ಲ, ನೀವು ಹೇಳುವುದು ತಪ್ಪು’ ಎಂಬ ನಿರಾಕರಣೆ. ‘ನಾನು ಆ ಸಮಯದಲ್ಲಿ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿ’ ಎಂದು ಬರೆದ ಕೂಡಲೇ ಒಂದು ಅರ್ಥ ಮಾತ್ರ ಉಳಿಯುತ್ತದೆ. ಅದನ್ನು ಆಯ್ದವರು ಯಾರು, ಯಾವ ಆಧಾರದಿಂದ ಎಂಬುದಕ್ಕೆ ದಾಖಲೆಯಲ್ಲಿ ಗುರುತು ಉಳಿಯುವುದಿಲ್ಲ.

3. ತುಂಗಭದ್ರಾ ಪರಿಸರದ ಮಾತು

ಹೊಸಪೇಟೆ 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಇಲ್ಲಿನ ಮೇಲ್ಮನವಿಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋಗುತ್ತವೆ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟು, ಬಳಿಕ ಸಂಡೂರಿನ ಕಬ್ಬಿಣದ ಅದಿರಿನ ಗಣಿಗಳು ಹಲವು ಕಡೆಯ ಜನರನ್ನು ಇಲ್ಲಿಗೆ ತಂದವು. ಕನ್ನಡದೊಂದಿಗೆ ತೆಲುಗು, ಉರ್ದು, ಲಂಬಾಣಿ ಭಾಷೆಗಳು ಇಲ್ಲಿ ನಿತ್ಯ ಬಳಕೆಯಲ್ಲಿವೆ. ಇಲ್ಲಿನ ಕನ್ನಡದಲ್ಲಿ ಧಾರವಾಡ ಕಡೆಯ ರೂಪಗಳೂ ದಕ್ಷಿಣದ ರೂಪಗಳೂ ಬೆರೆತು ಕೇಳಿಬರುತ್ತವೆ. ಸಾಕ್ಷ್ಯಲೇಖನಕ್ಕೆ ಇದರಿಂದ ಒದಗುವ ಮೂರು ತೊಡಕುಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ವರದಿಸೂಚಕದ ರೂಪ. ದಕ್ಷಿಣದ ‘ಹೊಡೆದನಂತೆ’ ಎಂಬುದಕ್ಕೆ ಉತ್ತರದ ಮಾತಿನಲ್ಲಿ ‘ಹೊಡದಾನಂತ’ ಎನ್ನುವುದುಂಟು. ಇಲ್ಲಿನ ‘ಅಂತ’ ಕೇಳಿದ ಸುದ್ದಿಯ ಗುರುತು. ಆದರೆ ದಕ್ಷಿಣದ ಆಡುಮಾತಿನಲ್ಲಿ ‘ಅಂತ’ ಎಂದರೆ ಬರಹದ ‘ಎಂದು’. ಅದರ ಮುಂದೆ ‘ಹೇಳಿದ’, ‘ತಿಳಿದೆ’ ಎಂಬಂಥ ಕ್ರಿಯಾಪದವನ್ನು ಕಿವಿ ನಿರೀಕ್ಷಿಸುತ್ತದೆ. ಅದು ಬರದಿದ್ದಾಗ ವಾಕ್ಯ ಅಪೂರ್ಣವೆಂದು ಬಗೆದು ‘ಅಂತ’ವನ್ನು ಕೈಬಿಟ್ಟು ‘ಹೊಡೆದಿದ್ದಾನೆ’ ಎಂದು ಬರೆಯುವುದು ಸುಲಭ. ಹಾಗೆ ಬರೆದರೆ ಕೇಳಿದ್ದನ್ನು ಹೇಳಿದ ಸಾಕ್ಷಿ ದಾಖಲೆಯಲ್ಲಿ ಪ್ರತ್ಯಕ್ಷದರ್ಶಿಯಾಗುತ್ತಾರೆ. ಇದಕ್ಕೆ ಹೊಂದಿಕೊಂಡ ಇನ್ನೊಂದು ಅಪಾಯವೂ ಇದೆ. ‘ಹೊಡೆದನಂತೆ’ಯಲ್ಲಿ ‘ನ’ ಒಂದು ಜಾರಿದರೆ ಉಳಿಯುವುದು ‘ಹೊಡೆದಂತೆ’. ಅದು ವರದಿಯಲ್ಲ, ಹೋಲಿಕೆ.

ಎರಡನೆಯದು ಕ್ರಿಯಾಪದದ ರೂಪ. ಉತ್ತರದ ‘ಹೊಡದಾನ’ ಎಂದರೆ ‘ಹೊಡೆದಿದ್ದಾನೆ’: ಕಾರ್ಯ ಮುಗಿದಿದೆ. ಗ್ರಾಂಥಿಕ ಕನ್ನಡದ ‘ಹೊಡೆದಾನು’ ಸಂಭಾವನಾರ್ಥಕ: ಹೊಡೆಯಬಹುದು. ಆಡುಮಾತನ್ನು ಶಿಷ್ಟಗೊಳಿಸುವಾಗ ಧ್ವನಿಸಾಮ್ಯವನ್ನು ನೆಚ್ಚಿ ‘ಹೊಡೆದಾನು’ ಎಂದು ಬರೆದರೆ ನಡೆದ ಘಟನೆ ನಡೆಯಬಹುದಾದ ಘಟನೆಯಾಗುತ್ತದೆ.

ಮೂರನೆಯದು ಭಾಷಾಂತರ. ತೆಲುಗಿನಲ್ಲಿಯೂ ‘ಅಟ’ ಎಂಬ ವರದಿಸೂಚಕವಿದೆ. ‘ಕೊಟ್ಟಾಡಟ’ ಎಂದರೆ ‘ಹೊಡೆದನಂತೆ’. ಆದ್ದರಿಂದ ತೆಲುಗಿನಿಂದ ಕನ್ನಡಕ್ಕೆ ತರುವಾಗ ಏನೂ ಕಳೆಯಬೇಕಾಗಿಲ್ಲ. ದಾಖಲೆ ಇಂಗ್ಲಿಷಿನಲ್ಲಿ ಆಗುವಾಗ ಕಷ್ಟ ಎದುರಾಗುತ್ತದೆ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ‘ಇಟ್ ಸೀಮ್ಸ್’ ಎಂದು ಸೇರಿಸಿ ‘ಅಂತೆ’ಯ ಕೆಲಸ ಮಾಡಿಸುತ್ತೇವೆ. ಈ ಬಳಕೆಯ ಪರಿಚಯವಿಲ್ಲದ ಓದುಗರಿಗೆ ಅದು ಸಾಕ್ಷಿಯ ಊಹೆಯಾಗಿ ತೋರುತ್ತದೆ. ‘ಐ ಕೇಮ್ ಟು ನೋ’ ಎಂದು ಬರೆದರೆ ಸಾಕ್ಷಿ ತಿಳಿದುಕೊಂಡ ಕ್ರಿಯೆಯೊಂದು ಹೊಸದಾಗಿ ಸೇರುತ್ತದೆ.

‘ಅಂತೆ’ಯ ಮಹತ್ವ ಪರೋಕ್ಷ ಸಾಕ್ಷ್ಯವನ್ನು ಗುರುತಿಸುವುದಕ್ಕೆ ಮಾತ್ರ ಸೀಮಿತವಲ್ಲ. ಲಾರಿ ಅಪಘಾತದಲ್ಲಿ ಗಾಯಗೊಂಡವರು ‘ನಾನು ರಸ್ತೆ ಪಕ್ಕಕ್ಕೆ ಬಿದ್ದೆನಂತೆ, ಲಾರಿ ನಿಲ್ಲಿಸಲಿಲ್ಲವಂತೆ’ ಎಂದರೆ, ಉತ್ತಮ ಪುರುಷದೊಂದಿಗೆ ಬಂದ ‘ಅಂತೆ’ ಆ ಹೊತ್ತಿನಲ್ಲಿ ತಮಗೆ ಎಚ್ಚರವಿರಲಿಲ್ಲವೆಂಬುದನ್ನೂ ಸೂಚಿಸುತ್ತದೆ. ‘ನಾನು ಬಿದ್ದೆನು, ಲಾರಿ ನಿಲ್ಲಿಸಲಿಲ್ಲ’ ಎಂದು ದಾಖಲಾದರೆ ಮುಂದಿನ ಪಾಟೀಸವಾಲಿನಲ್ಲಿ ‘ಲಾರಿಯ ಸಂಖ್ಯೆಯನ್ನು ಏಕೆ ನೋಡಲಿಲ್ಲ’ ಎಂಬ ಪ್ರಶ್ನೆಗೆ ಅವರು ಉತ್ತರಿಸಬೇಕಾಗುತ್ತದೆ. ತಾವು ಹೇಳದೇ ಇದ್ದ ಮಾತಿಗೆ ಸಾಕ್ಷಿ ಇಲ್ಲಿ ಹೊಣೆಯಾಗುತ್ತಾರೆ.

4. ಲಭ್ಯ ಸಂಪನ್ಮೂಲಗಳು ಮತ್ತು ಅವುಗಳ ಮಿತಿ

ಸಾಕ್ಷ್ಯ ಬರೆದುಕೊಳ್ಳುವವರು ಇಂದು ಬಳಸಬಹುದಾದ ಅಂತರ್ಜಾಲ ಸಂಪನ್ಮೂಲಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಅಕ್ಷರ ಸಾಧನಗಳಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ‘ಬರಹ’ ತಂತ್ರಾಂಶಗಳು ಪರಿಚಿತವಾದವು. ಯೂನಿಕೋಡೇತರ ಹಳೆಯ ಸಂಕೇತಗಳಲ್ಲಿರುವ ಕಡತಗಳನ್ನು ಪರಿವರ್ತಿಸುವ ಸಾಧನಗಳೂ ಈ ವರ್ಗಕ್ಕೆ ಸೇರುತ್ತವೆ. ಇವು ಮೂರನೆಯ ಬದಲಾವಣೆಯಾದ ಅಕ್ಷರೀಕರಣಕ್ಕೆ ಮಾತ್ರ ಸಂಬಂಧಿಸಿವೆ.

ಪದಕೋಶಗಳಲ್ಲಿ ಸರ್ಕಾರದ ಕಾನೂನು ಮತ್ತು ಆಡಳಿತ ಪದಕೋಶಗಳು, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯ ‘ಭಾರತವಾಣಿ’, ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ ಮುಖ್ಯವಾದವು. ಪಾರಿಭಾಷಿಕ ನಾಮಪದಗಳಿಗೆ ಇವು ಬಹಳ ಉಪಯುಕ್ತ. ಆದರೆ ನಮ್ಮ ತೊಡಕು ಪ್ರತ್ಯಯಗಳಲ್ಲಿ ಮತ್ತು ಕ್ರಿಯಾರೂಪಗಳಲ್ಲಿದೆ. ‘ಹೊಡದಾನಂತ’ ಎಂಬುದನ್ನು ಯಾವ ಪದದಡಿಯಲ್ಲಿ ಹುಡುಕಬೇಕೆಂಬುದೇ ಹೊಸಬರಿಗೆ ತಿಳಿಯುವುದಿಲ್ಲ.

ಅಭ್ಯಾಸ ಸಾಮಗ್ರಿಯಲ್ಲಿ, ಶೀಘ್ರಲಿಪಿ ಪರೀಕ್ಷೆಗೆ ಓದುವವರು ಪರಸ್ಪರ ಹಂಚಿಕೊಳ್ಳುವ ಉಕ್ತಲೇಖನಗಳು ಮುಖ್ಯ. ವೇಗಕ್ಕೆ ತಕ್ಕಂತೆ ವಿಂಗಡಿಸಿದ ಧ್ವನಿಮುದ್ರಿಕೆಗಳು, ಸಂಕ್ಷಿಪ್ತ ರೂಪಗಳ ಪಟ್ಟಿಗಳು, ಹಳೆಯ ಪ್ರಶ್ನೆಪತ್ರಿಕೆಗಳು ಹೀಗೆ ಕೈಯಿಂದ ಕೈಗೆ ಸಾಗುತ್ತವೆ. ಪಟ್ಟಣದ ತರಬೇತಿ ಕೇಂದ್ರಕ್ಕೆ ಹೋಗಲಾಗದವರಿಗೆ ಇದು ದೊಡ್ಡ ಉಪಕಾರ. ಆದರೆ ಉಕ್ತಲೇಖನದ ಪಠ್ಯವೆಂದರೆ ಒಬ್ಬರೇ ಓದುವ ಶಿಷ್ಟ ಗದ್ಯ. ಇಬ್ಬರು ಮೂವರು ಒಟ್ಟಿಗೆ ಆಡುವ ಮಾತು, ಅರ್ಧಕ್ಕೆ ನಿಂತ ವಾಕ್ಯ, ಊರಿನ ಉಚ್ಚಾರ ಅದರಲ್ಲಿ ಬರುವುದಿಲ್ಲ.

ನಾಲ್ಕನೆಯದು ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ. ಸರ್ವೋಚ್ಚ ನ್ಯಾಯಾಲಯ 2023ರ ಫೆಬ್ರುವರಿ 21ರಂದು ಸಂವಿಧಾನ ಪೀಠದ ವಾದಗಳನ್ನು ಇಂಥ ತಂತ್ರಾಂಶದಿಂದ ಬರಹಕ್ಕಿಳಿಸಲು ತೊಡಗಿತು. ಅಲ್ಲಿ ಬರಹಕ್ಕಿಳಿದದ್ದು ವಕೀಲರ ಇಂಗ್ಲಿಷ್ ವಾದ. ಕೇರಳ ಉಚ್ಚ ನ್ಯಾಯಾಲಯವು ಜಿಲ್ಲಾ ನ್ಯಾಯಾಲಯಗಳ ಸಾಕ್ಷ್ಯ ದಾಖಲಾತಿಗೇ ಇಂಥ ತಂತ್ರಾಂಶವನ್ನು 2025ರ ನವೆಂಬರ್ 1ರಿಂದ ಕಡ್ಡಾಯಗೊಳಿಸಿದೆ. ಕಾಸರಗೋಡಿನ ಕನ್ನಡಿಗ ಸಾಕ್ಷಿಗಳನ್ನು ನೆನೆದರೆ ಕನ್ನಡ ಭಾಷಾವಿಜ್ಞಾನಿಗಳಿಗೆ ಇದು ನೆರೆಮನೆಯ ಸುದ್ದಿಯಲ್ಲ.

ಈ ತಂತ್ರಾಂಶಗಳ ತರಬೇತಿಗೆ ದೊರೆಯುವ ಕನ್ನಡದ ಧ್ವನಿ ದತ್ತಾಂಶಗಳನ್ನು ನೋಡಿದರೆ ಮಿತಿ ಸ್ಪಷ್ಟವಾಗುತ್ತದೆ. ‘ಓಪನ್‌ಎಸ್‌ಎಲ್‌ಆರ್’ನಲ್ಲಿ ಗೂಗಲ್ ಪ್ರಕಟಿಸಿದ ಕನ್ನಡ ಸಂಗ್ರಹ ಓದಿದ ವಾಕ್ಯಗಳದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲಾವಾರು ಮಾತನ್ನು ಸಂಗ್ರಹಿಸುತ್ತದೆ. ಅಲ್ಲಿ ಜನರು ಚಿತ್ರವನ್ನು ನೋಡಿ ವಿವರಿಸುತ್ತಾರೆ. ಕಣ್ಣೆದುರಿನ ಚಿತ್ರವನ್ನು ವಿವರಿಸುವವರು ‘ಅಂತೆ’ ಎನ್ನುವ ಸಂದರ್ಭವೇ ವಿರಳ. ಐಐಟಿ ಮದ್ರಾಸಿನ ‘ಇಂಡಿಕ್‌ವಾಯ್ಸಸ್’ 2024ರಲ್ಲಿ ಪ್ರಕಟಿಸಿದ 22 ಭಾಷೆಗಳ 7,348 ಗಂಟೆಗಳ ಧ್ವನಿಯಲ್ಲಿ ಶೇಕಡ 74ರಷ್ಟು ಸಿದ್ಧತೆಯಿಲ್ಲದೆ ಆಡಿದ ಮಾತು, ಶೇಕಡ 17ರಷ್ಟು ಸಂಭಾಷಣೆ. ಇದು ಒಳ್ಳೆಯ ಹೆಜ್ಜೆ. ಆದರೂ ಪ್ರಶ್ನೆಗೆ ಅಳುಕುತ್ತ ಉತ್ತರಿಸುವ ಸಾಕ್ಷಿಯ ಮಾತಿಗೂ ಅದಕ್ಕೂ ಅಂತರವಿದೆ. ನ್ಯಾಯಾಲಯದ ನೇರ ಪ್ರಸಾರವೂ ಈ ಕೊರತೆಯನ್ನು ತುಂಬಲಾರದು. ಸಾಕ್ಷ್ಯದ ದಾಖಲಾತಿ ಮತ್ತು ಪಾಟೀಸವಾಲನ್ನು ನೇರ ಪ್ರಸಾರದ ನಿಯಮಗಳು ಹೊರಗಿಟ್ಟಿವೆ. ಸಾಕ್ಷಿಯ ರಕ್ಷಣೆಯ ದೃಷ್ಟಿಯಿಂದ ಅದು ಸರಿಯಾದ ನಿಯಮವೇ.

ಅಳತೆಗೋಲಿನದೂ ಒಂದು ಸಮಸ್ಯೆ. ತಂತ್ರಾಂಶದ ನಿಖರತೆಯನ್ನು ತಪ್ಪಾದ ಪದಗಳ ಪ್ರಮಾಣದಿಂದ ಅಳೆಯುತ್ತಾರೆ. ‘ಆಮೇಲೆ’ ಎಂಬುದು ‘ಮೇಲೆ’ ಆದರೂ ಒಂದು ತಪ್ಪು, ‘ಹೊಡೆದನಂತೆ’ ಎಂಬುದು ‘ಹೊಡೆದ’ ಆದರೂ ಒಂದೇ ತಪ್ಪು. ಮಾನವ ಲೇಖಕರಿಗೂ ಈ ಮಾತು ಅನ್ವಯಿಸುತ್ತದೆ. ಟೇಲರ್ ಜೋನ್ಸ್ ಮತ್ತು ಸಂಗಡಿಗರು 2019ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿಲಡೆಲ್ಫಿಯಾದ 27 ನ್ಯಾಯಾಲಯ ಲೇಖಕರು ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನ ವಾಕ್ಯಗಳನ್ನು ಬರೆದುಕೊಂಡರು. ಶೇಕಡ 95ರ ನಿಖರತೆಯ ಪ್ರಮಾಣಪತ್ರವಿದ್ದರೂ ಪೂರ್ಣ ಸರಿಯಾಗಿದ್ದ ವಾಕ್ಯಗಳು ಶೇಕಡ 59.5 ಮಾತ್ರ, ಶೇಕಡ 31ರಷ್ಟು ವಾಕ್ಯಗಳಲ್ಲಿ ಯಾರು, ಏನು, ಯಾವಾಗ, ಎಲ್ಲಿ ಎಂಬುದೇ ಬದಲಾಗಿತ್ತು. ಪ್ರಮಾಣಪತ್ರ ಅಳೆದದ್ದು ಶಿಷ್ಟ ಭಾಷೆಯ ಲೇಖನವನ್ನು. ನ್ಯಾಯಾಲಯದಲ್ಲಿ ಕೇಳಿಬಂದದ್ದು ಬೇರೆ ಭಾಷಾಪ್ರಭೇದ.

5. ಆಗಬೇಕಾದುದು

ಮೇಲಿನ ಚರ್ಚೆಯ ಆಧಾರದಲ್ಲಿ ಮೂರು ಸಲಹೆಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ, ವ್ಯಾಕರಣ ರೂಪಗಳ ಒಂದು ಮುಕ್ತ ಕೈಪಿಡಿ ಅಂತರ್ಜಾಲದಲ್ಲಿ ಸಿದ್ಧವಾಗಬೇಕು. ಅದರಲ್ಲಿ ‘ಹೊಡದಾನ’, ‘ಹೊಡದಾನಂತ’, ‘ಹೊಡೆದನಂತೆ’, ‘ಹೊಡೆದಂತೆ’, ‘ಹೊಡೆದಾನು’ ಮೊದಲಾದ ರೂಪಗಳ ಧ್ವನಿ, ಅರ್ಥ, ದಾಖಲೆಯಲ್ಲಿ ಬಳಸಬಹುದಾದ ಸಮಾನರೂಪ ಒಟ್ಟಿಗೆ ಇರಲಿ. ಕನ್ನಡದ ದಾಖಲೆಯಲ್ಲಿ ‘ಅಂತೆ’ಯನ್ನು ಹಾಗೆಯೇ ಉಳಿಸುವುದು ಲೇಸು. ಅದು ಗ್ರಾಮ್ಯವಲ್ಲ, ಬರಹದ ಕನ್ನಡದಲ್ಲಿಯೂ ಅದಕ್ಕೆ ಸ್ಥಾನವಿದೆ. ‘ಎಂದು ತಿಳಿದುಬಂತು’ ಎಂದು ಹಿಗ್ಗಿಸುವುದರಿಂದ ಸಾಕ್ಷಿ ಹೇಳದ ಅಂಶ ಸೇರುತ್ತದೆ. ಸಂದಿಗ್ಧತೆ ಉಳಿದಾಗ ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಲು ಕಾನೂನೇ ಅವಕಾಶ ಕೊಟ್ಟಿದೆ ಎಂಬುದನ್ನೂ ಕೈಪಿಡಿ ನೆನಪಿಸಬೇಕು.

ಎರಡನೆಯದಾಗಿ, ಅಭ್ಯಾಸಕ್ಕೆ ಪ್ರಾದೇಶಿಕ ಮಾತಿನ ಧ್ವನಿಮುದ್ರಿಕೆಗಳು ಬೇಕು. ನಿಜವಾದ ಸಾಕ್ಷ್ಯವನ್ನು ಹಂಚುವಂತಿಲ್ಲ, ಹಂಚಲೂಬಾರದು. ಕಾನೂನು ಕಾಲೇಜುಗಳಲ್ಲಿ ನಡೆಯುವ ಅಣಕು ವಿಚಾರಣೆಗಳಲ್ಲಿ ಆಯಾ ಊರಿನ ಮಾತಾಡುವವರನ್ನು ಸಾಕ್ಷಿಗಳಾಗಿ ಕೂರಿಸಿ, ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಂಡರೆ ಈ ಅಗತ್ಯ ಪೂರೈಸುತ್ತದೆ. ಭಾಷಾವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳಿಗೂ ಇದು ಒಳ್ಳೆಯ ಕ್ಷೇತ್ರಕಾರ್ಯವಾದೀತು.

ಮೂರನೆಯದಾಗಿ, ಯಾವುದೇ ತಂತ್ರಾಂಶವನ್ನು ಕನ್ನಡದ ಸಾಕ್ಷ್ಯಕ್ಕೆ ಬಳಸುವ ಮುನ್ನ ವರದಿಸೂಚಕ, ನಿಷೇಧ, ಕಾಲಸೂಚಕ ರೂಪಗಳನ್ನು ಅದು ಎಷ್ಟರಮಟ್ಟಿಗೆ ಉಳಿಸುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಟ್ಟು ನಿಖರತೆಯ ಅಂಕಿ ಈ ಪರೀಕ್ಷೆಗೆ ಬದಲಿಯಾಗಲಾರದು.

6. ಸಮಾರೋಪ

ಬರೆದ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳುವ ನಿಯಮ ಇಂಥ ತಪ್ಪುಗಳನ್ನು ತಡೆಯುವ ಉದ್ದೇಶದ್ದು. ಆದರೆ ಶಿಷ್ಟ ಕನ್ನಡದಲ್ಲಿ ಓದಿದ ನಿರೂಪಣೆಯನ್ನು ಕೇಳುವವರು ಘಟನೆ ಸರಿಯಿದೆಯೇ ಎಂದು ಗಮನಿಸುತ್ತಾರೆ. ತಮ್ಮ ‘ಅಂತ’ ಉಳಿದಿದೆಯೇ ಎಂದು ಗಮನಿಸುವುದು ಕಷ್ಟ. ಮೇಲ್ಮನವಿಯ ಹಂತದಲ್ಲಿ ಸಾಕ್ಷಿಯ ಧ್ವನಿ ಇರುವುದಿಲ್ಲ, ಕಾಗದ ಮಾತ್ರ ಇರುತ್ತದೆ. ಆದ್ದರಿಂದ ಆ ಪ್ರತ್ಯಯವನ್ನು ಗುರುತಿಸುವ ಹೊಣೆ ಬರೆದುಕೊಳ್ಳುವವರ ಮೇಲಿದೆ. ಅವರ ಕೈಗೆ ತಕ್ಕ ಸಾಧನಗಳನ್ನು ಒದಗಿಸುವ ಹೊಣೆ ಕನ್ನಡದ ಪ್ರಾದೇಶಿಕ ಪ್ರಭೇದಗಳನ್ನು ಅಧ್ಯಯನ ಮಾಡುತ್ತಿರುವ ನಮ್ಮ ಮೇಲಿದೆ.