ನೋವಿಲ್ಲದ ಗಂಟು

ಮನೆಮಂದಿಯೆಲ್ಲ ಓದತಕ್ಕ ಈ ಮಾಸಪತ್ರಿಕೆಯಲ್ಲಿ ಸ್ತ್ರೀಯರ ಎದೆಯ ರೋಗವನ್ನು ಕುರಿತು ಬರೆಯುವುದು, ಅದರಲ್ಲಿಯೂ ಅರುವತ್ತರ ಪುರುಷನೊಬ್ಬನು ಬರೆಯುವುದು, ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಗ್ರಂಥಗಳನ್ನು ತಿಳಿಗನ್ನಡದಲ್ಲಿ ಬರೆದು ದಶಕಗಳೇ ಸಂದುವಾದರೂ ನಮ್ಮ ಹಳ್ಳಿಯ ಮನೆಗಳಲ್ಲಿ ಈ ಸಂಕೋಚವು ಇನ್ನೂ ಹೋಗಿಲ್ಲ. ಅದರ ಬೆಲೆಯನ್ನು ನನ್ನ ಮನೆಯಲ್ಲಿ ತೆತ್ತವನಾದುದರಿಂದಲೇ ಬರೆಯಲು ಕುಳಿತಿದ್ದೇನೆ.

ಮಾಯಸಂದ್ರದ ನಮ್ಮ ಮನೆಯಲ್ಲಿ ತೋಟ, ಅಟ್ಟ, ಕೊಬ್ಬರಿ ಇವೆಲ್ಲವೂ ನನ್ನ ಅಕ್ಕನ ಆಡಳಿತ. ವಿಧವೆಯಾಗಿ ತವರಿಗೆ ಬಂದವಳು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಒಡೆಯದೆಯೇ ಹೇಳುವಳು. ಅಂಥವಳ ಎಡದೆದೆಯಲ್ಲಿ ಗಜ್ಜುಗದ ಗಾತ್ರದ ಗಂಟೊಂದು 2014ನೆಯ ಇಸವಿಯ ಸಂಕ್ರಾಂತಿಯ ವೇಳೆಗೆ ಕೈಗೆ ಸಿಕ್ಕಿತಂತೆ. ಅವಳು ಅದನ್ನು ನನ್ನ ಪತ್ನಿಗೆ ಹೇಳಿದ್ದು ಗೌರೀಹಬ್ಬ ಕಳೆದ ಮೇಲೆ.

“ನೋವಿದೆಯೇ ಅಕ್ಕಾ?” ಎಂದು ನಾನು ಕೇಳಿದೆ.

“ಇಲ್ಲ ಕಣೋ, ಒಂದಿಷ್ಟೂ ಇಲ್ಲ.”

“ಹಾಗಾದರೆ ಭಯವಿಲ್ಲ. ಕೊಬ್ಬರಿ ಮಾರಿದ ಮೇಲೆ ತೋರಿಸೋಣ.”

ತಿಪಟೂರಿನಲ್ಲಿ ಧಾರಣೆ ಏರಲೆಂದು ಕಾಯುತ್ತ ಇನ್ನೂ ಮೂರು ತಿಂಗಳು ಕಳೆದುವು. ಬೆಂಗಳೂರಿಗೆ ಕರೆದೊಯ್ಯುವ ಹೊತ್ತಿಗೆ ಕಂಕುಳಿನಲ್ಲಿಯೂ ಗಂಟುಗಳೆದ್ದಿದ್ದುವು. ವೈದ್ಯರು ನೋವಿದೆಯೇ ಎಂದು ಕೇಳಲಿಲ್ಲ. ಎಷ್ಟು ದಿವಸದಿಂದ ಇದೆ ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿದಳು. ನಾನೂ ತಗ್ಗಿಸಿದೆ. ಶಸ್ತ್ರಕ್ರಿಯೆ, ಔಷಧ, ಕಿರಣಚಿಕಿತ್ಸೆ ಎಲ್ಲವೂ ಆದುವು. ಎರಡೂವರೆ ವರ್ಷ ಬದುಕಿದ್ದಳು.

ನನ್ನ ಅಪರಾಧವು ಅಜ್ಞಾನದ್ದಾಗಿದ್ದರೆ ಮನಸ್ಸಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದದ ಲಕ್ಷಣವನ್ನು ಹೇಳಿದೆ: ಅದು ದುಂಡಗಿರುತ್ತದೆ, ಕದಲುವುದಿಲ್ಲ, ಬೇರು ಆಳ, ಬೆಳೆವಣಿಗೆ ನಿಧಾನ, ಕುರುವಿನಂತೆ ಹಣ್ಣಾಗಿ ಕೀವಾಗುವುದಿಲ್ಲ, ಮತ್ತು ನೋವು ಮಂದ. ಈ ಶ್ಲೋಕವು ನನಗೆ ಯೌವನದಿಂದಲೂ ಕಂಠಸ್ಥವಾಗಿತ್ತು. ಶಾಲೆಯಲ್ಲಿ ‘ಮಂದ’ ಶಬ್ದಕ್ಕೆ ಉದಾಹರಣೆಯಾಗಿ ಅದನ್ನು ಹೇಳಿಯೂ ಇದ್ದೆ. ಪುಸ್ತಕದಲ್ಲಿದ್ದ ವಿದ್ಯೆಯು ನಡುಮನೆಗೆ ಬಾರದೆಹೋಯಿತು.

ತೆಂಗಿನ ಸೀಮೆಯವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಕೆಂಪುಮೂತಿಯ ಹುಳು ಮರದ ಒಡಲನ್ನು ಕೊರೆಯುವಾಗ ಗರಿಗಳು ಹಸುರಾಗಿಯೇ ಇರುತ್ತವೆ. ಸುಳಿ ಬಾಗಿದ ದಿನ ಔಷಧ ತಂದವನು ಕೊಡಲಿಯನ್ನೂ ತರಬೇಕಾಗುತ್ತದೆ. ಆದಕಾರಣ ಬಲ್ಲ ರೈತನು ಕಾಂಡದಲ್ಲಿ ಸಣ್ಣ ರಂಧ್ರವನ್ನೂ ಅದರಿಂದ ಒಸರುವ ಕಂದುರಸವನ್ನೂ ಹುಡುಕುತ್ತ ಮರದಿಂದ ಮರಕ್ಕೆ ಹೋಗುತ್ತಾನೆ. ಮರಕ್ಕೆ ಇಷ್ಟು ಮಾಡುವ ನಾವು ಮನೆಯವರಿಗೆ ಮಾಡುವುದಿಲ್ಲ.

ಭಾರತದ ಸ್ತ್ರೀಯರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಸ್ತನದ ಕ್ಯಾನ್ಸರೇ ಮೊದಲನೆಯದು. 2022ರಲ್ಲಿ ಸುಮಾರು 1,92,000 ಮಂದಿಗೆ ಹೊಸದಾಗಿ ಬಂದಿತೆಂದೂ ಸುಮಾರು 98,000 ಮಂದಿ ಮೃತರಾದರೆಂದೂ ಅಂತರರಾಷ್ಟ್ರೀಯ ಅಂದಾಜು. ಮುಂದುವರಿದ ದೇಶಗಳಲ್ಲಿಯಾದರೋ, ರೋಗವು ಸ್ತನದ ಎಲ್ಲೆಯನ್ನು ದಾಟುವ ಮೊದಲೇ ಪತ್ತೆಯಾದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟುತ್ತಾರೆ.

ಇದಕ್ಕೆ ದೊಡ್ಡ ಯಂತ್ರಗಳು ಬೇಕಲ್ಲವೇ ಎಂದು ಕೇಳುವವರಿಗೆ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರ ಪ್ರಯೋಗವನ್ನು ಹೇಳತಕ್ಕದ್ದು. 1998ರಲ್ಲಿ ಆರಂಭಿಸಿ, 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಬಡ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಎದೆಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಎರಡೆರಡು ವರ್ಷಕ್ಕೊಮ್ಮೆ, ನಾಲ್ಕು ಬಾರಿ, ಬರಿಗೈಯಿಂದಲೇ ಪರೀಕ್ಷೆ ಮಾಡಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ದಾಟಿದವರಲ್ಲಿ ಈ ರೋಗದ ಮರಣವು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಮೆಯಾಯಿತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಸ್ಪಷ್ಟವಾಗಿ ಕಾಣಲಿಲ್ಲವೆಂಬುದನ್ನೂ ಮರೆಮಾಡಬಾರದು. ನನ್ನ ಅಕ್ಕನಿಗೆ ಆಗ ಐವತ್ತಾರು.

ಮೂವತ್ತರಿಂದ ಅರುವತ್ತೈದರವರೆಗಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆಯಾಗಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿ ಗೊತ್ತುಮಾಡಿತು. ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂದು ಕರೆಯುವ ಉಪಕೇಂದ್ರಗಳಲ್ಲಿ ಇದು ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನವನ್ನು ತಿಳಿಸುತ್ತಾಳೆ. ಸಂಶಯ ಬಂದರೆ ಮೇಲಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ.

ಸರದಿ ಬರುವವರೆಗೆ ಸುಮ್ಮನಿರಬೇಕೆಂದಲ್ಲ. ಸ್ನಾನಕಾಲದಲ್ಲಿ ತನ್ನ ದೇಹದ ಸಹಜಸ್ಥಿತಿಯನ್ನು ಕೈಯಿಂದ ಅರಿತಿರುವವಳಿಗೆ ಬದಲಾವಣೆಯು ಬೇಗ ತಿಳಿಯುತ್ತದೆ. ಎದೆಯಲ್ಲಾಗಲಿ ಕಂಕುಳಿನಲ್ಲಾಗಲಿ ಗಟ್ಟಿಯಾದ ಗಂಟು, ಕಿತ್ತಲೆಯ ಸಿಪ್ಪೆಯಂತೆ ಗುಳಿಬಿದ್ದ ಚರ್ಮ, ಹೊಸದಾಗಿ ಒಳಸೇರಿದ ತೊಟ್ಟು, ಅದರಿಂದ ರಕ್ತದ ಒಸರು, ಮಾಯದ ಹುಣ್ಣು, ಇವುಗಳಲ್ಲಿ ಯಾವುದೊಂದು ಕಂಡರೂ ಆ ವಾರವೇ ತೋರಿಸತಕ್ಕದ್ದು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ. ಅದನ್ನು ನಿಶ್ಚಯಿಸುವುದು ಸೂಜಿಯ ಪರೀಕ್ಷೆ. ಸೂಜಿ ತಾಗಿದರೆ ರೋಗ ಹರಡುತ್ತದೆಂದು ನಮ್ಮ ಕಡೆ ಹೇಳುವ ಮಾತನ್ನು ನಂಬಿ ಹಿಂಜರಿಯಬೇಡಿ, ಅದು ಸುಳ್ಳು. ಗಂಡಸರಿಗೂ, ಅಪರೂಪವಾಗಿ, ಈ ರೋಗ ಬರುವುದುಂಟು.

ಇನ್ನು ಮನೆಯ ಯಜಮಾನರಿಗೆ ಒಂದು ಮಾತು. ಹೆಂಗಸರು ಮುಚ್ಚಿಡುತ್ತಾರೆಂದು ನಾವು ದೂರುತ್ತೇವೆ. ಬಸ್ಸಿನ ಹಣವನ್ನು ಕೇಳಿ ಪಡೆಯಬೇಕಾದವಳು, ಅಡಿಗೆಗೆ ಬೇರೆ ಗತಿಯಿಲ್ಲದವಳು, ಮುಚ್ಚಿಡದೆ ಏನು ಮಾಡಿಯಾಳು?

ಹೋದ ತಿಂಗಳು ಸೊಸೆಗೆ ಉಪಕೇಂದ್ರಕ್ಕೆ ಹೋಗಿಬರುವಂತೆ ಹೇಳಿದೆ. “ನೋವೇನೂ ಇಲ್ಲವಲ್ಲ ಮಾವ?” ಎಂದಳು. ಅದೇ ಮಾತು. ಅವಳಿಗೆ ಅಕ್ಕನ ಕಥೆಯನ್ನು ಮೊದಲಿನಿಂದ ಹೇಳಿದೆ. ಮರುದಿನ ನನ್ನ ಪತ್ನಿಯೊಡನೆ ಹೊರಟಳು. ಅಂದು ಅನ್ನಕ್ಕೆ ನೀರಿಟ್ಟು, ಮೊಮ್ಮಗಳನ್ನು ಆಡಿಸಿಕೊಂಡು ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಇಬ್ಬರೂ ಹಿಂದಿರುಗಿದರು. ಸೊಸೆಗೆ ಏನೂ ಇಲ್ಲವಂತೆ. ನನ್ನ ಪತ್ನಿಯನ್ನು ಮಾತ್ರ ತುಮಕೂರಿನಲ್ಲಿ ಇನ್ನೊಮ್ಮೆ ತೋರಿಸಲು ಹೇಳಿದ್ದಾರೆ. ಕಾಯಿ ಕೀಳಿಸುವ ಕೆಲಸವನ್ನು ಮುಂದಕ್ಕೆ ಹಾಕಿ, ನಾಳೆ ಬೆಳಗಿನ ಮೊದಲನೆಯ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ.