ಘಟ್ಟದ ಸೀಮೆಯಲ್ಲಿ ವಿದೇಶೀಯರ ನೋಂದಣಿ: ಕೇಂದ್ರದ ಅಧಿಕಾರ, ಸ್ಥಳೀಯ ಪೊಲೀಸರ ಹೊಣೆ

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪೌರತ್ವ, ವಿದೇಶೀಯರು, ದೇಶಪ್ರವೇಶ ಹಾಗೂ ಉಚ್ಚಾಟನೆ ಕೇಂದ್ರಪಟ್ಟಿಯ ವಿಷಯಗಳು. ಪೊಲೀಸ್ ರಾಜ್ಯಪಟ್ಟಿಯ ವಿಷಯ. ವಿದೇಶೀಯರ ಮೇಲ್ವಿಚಾರಣೆಯಲ್ಲಿ ಇವೆರಡೂ ಸಂಧಿಸುತ್ತವೆ. ಸಂವಿಧಾನದ 258ನೆಯ ವಿಧಿಯನ್ವಯ 1958ರಲ್ಲಿ ಹೊರಟ ಅಧಿಸೂಚನೆಯು 1946ರ ವಿದೇಶೀಯರ ಅಧಿನಿಯಮದ ಕೆಲವು ಅಧಿಕಾರಗಳನ್ನು ರಾಜ್ಯ ಸರ್ಕಾರಗಳಿಗೆ ವಹಿಸಿತು. ಬೆಂಗಳೂರಿನಂತಹ ನಗರಗಳಲ್ಲಿ ಕೇಂದ್ರದ ಪ್ರಾದೇಶಿಕ ನೋಂದಣಿ ಕಚೇರಿಗಳಿವೆ. ಉಳಿದ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶೀಯರ ನೋಂದಣಾಧಿಕಾರಿ. ಉತ್ತರ ಕನ್ನಡದಲ್ಲಿ ಆ ಅಧಿಕಾರಿಯ ಕಚೇರಿ ಕಾರವಾರದಲ್ಲಿದೆ.

ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂತಹ ಒಳನಾಡಿನ ಊರಿಗೂ ಈ ವ್ಯವಸ್ಥೆ ಅನ್ವಯಿಸುತ್ತದೆ. ವಸತಿಗೃಹವಾಗಲಿ ಹೋಂಸ್ಟೇ ಆಗಲಿ, ವಿದೇಶೀಯನಿಗೆ ತಂಗಲು ಇಂಬು ಕೊಟ್ಟವರು 24 ಗಂಟೆಗಳೊಳಗೆ ನೋಂದಣಾಧಿಕಾರಿಗೆ ವರದಿ ಸಲ್ಲಿಸಬೇಕು. ಪ್ರವಾಸಿಯ ಮಟ್ಟಿಗೆ ಇದು ಕೆಲವು ದಿನಗಳ ಮಾತು. ನೆಲೆಸಿದವರ ಮಟ್ಟಿಗೆ ಹಾಗಲ್ಲ.

ಶಿರಸಿ, ಯಲ್ಲಾಪುರಗಳಿಗೆ ಹೊಂದಿಕೊಂಡ ಮುಂಡಗೋಡ ತಾಲ್ಲೂಕಿನಲ್ಲಿ 1966ರಲ್ಲಿ ಟಿಬೆಟನ್ನರ ವಸತಿ ಆರಂಭವಾಯಿತು. ಲಾಸಾ ಪರಿಸರದ ಗಾಂಡೆನ್, ಡ್ರೆಪುಂಗ್ ಮಹಾವಿಹಾರಗಳು ಇಲ್ಲಿ ಮರುಸ್ಥಾಪನೆಗೊಂಡವು. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಅಧಿನಿಯಮವೂ ಇಲ್ಲ. ಆದ್ದರಿಂದ ಲೋಕರೂಢಿಯಲ್ಲಿ ನಿರಾಶ್ರಿತರೆನಿಸಿದ ಇವರು ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರು. ಇವರ ವಾಸಕ್ಕೆ ಆಧಾರ ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪ್ರಮಾಣಪತ್ರ. ನೆರೆಹೊರೆಯವರಿಗೆ ಠಾಣೆಯು ಕಳವು, ಜಗಳಗಳ ದೂರು ಕೊಡುವ ಸ್ಥಳವಾದರೆ, ಇವರಿಗೆ ಪೊಲೀಸ್ ಇಲಾಖೆ ವಾಸದ ಹಕ್ಕನ್ನು ದಾಖಲಿಸುವ ಸ್ಥಾನವೂ ಹೌದು.

ದಾಖಲೆಗೂ ಪೌರತ್ವಕ್ಕೂ ಇರುವ ಅಂತರ ಇಲ್ಲಿ ಗಮನಾರ್ಹ. 1955ರ ಪೌರತ್ವ ಅಧಿನಿಯಮದಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು, ಕೆಲವು ಅಪವಾದಗಳನ್ನು ಬಿಟ್ಟರೆ, ಜನ್ಮತಃ ಪೌರರು. ಈ ನಿಯಮ ಟಿಬೆಟನ್ನರಿಗೂ ಸಲ್ಲುತ್ತದೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಎತ್ತಿಹಿಡಿದವು. ಎಂದರೆ, ಪೊಲೀಸ್ ವಹಿಯಲ್ಲಿ ವಿದೇಶೀಯನೆಂದು ನಮೂದಾದವನು ಕಾನೂನಿನಂತೆ ಪೌರನಾಗಿರಬಹುದು. ವಹಿಯು ನೋಂದಣಿಗೆ ಸಾಕ್ಷಿಯೇ ಹೊರತು ಪೌರತ್ವದ ಅಂತಿಮ ನಿರ್ಣಯವಲ್ಲ. ಆದರೂ ತಾನು ವಿದೇಶೀಯನಲ್ಲವೆಂದು ರುಜುವಾತುಪಡಿಸುವ ಭಾರವನ್ನು ಕಾನೂನು ಆ ವ್ಯಕ್ತಿಯ ಮೇಲೆಯೇ ಹೊರಿಸಿದೆ.

2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು 1939 ಹಾಗೂ 1946ರ ಅಧಿನಿಯಮಗಳನ್ನು ರದ್ದುಪಡಿಸಿತು. ವರದಿಯ ಹೊಣೆಯನ್ನು ಶಿಕ್ಷಣಸಂಸ್ಥೆ, ಆಸ್ಪತ್ರೆಗಳ ಮೇಲೂ ಹೊರಿಸಿತು. ರುಜುವಾತಿನ ಭಾರವನ್ನು ಹಾಗೆಯೇ ಉಳಿಸಿತು. ನಿಗದಿತ ಅವಧಿಯಲ್ಲಿ ಪರವಾನಗಿಯೊಂದಿಗೆ ಬಂದು ನೋಂದಾಯಿಸಿಕೊಂಡ ಟಿಬೆಟನ್ನರಿಗೆ ಕೇಂದ್ರದ ಆದೇಶವು ಪಾಸ್‌ಪೋರ್ಟ್, ವೀಸಾಗಳಿಂದ ವಿನಾಯಿತಿ ನೀಡಿದೆ. ಆ ವಿನಾಯಿತಿಯೂ ನೋಂದಣಿ ಪತ್ರವನ್ನೇ ಅವಲಂಬಿಸಿದೆ. ಹೀಗಾಗಿ ನವೀಕರಣದಲ್ಲಾಗುವ ವಿಳಂಬ ಅಥವಾ ಬರವಣಿಗೆಯ ದೋಷವು ಒಂದು ಕುಟುಂಬದ ನೆಲೆಯನ್ನೇ ಪ್ರಶ್ನೆಗೆ ಒಡ್ಡಬಲ್ಲುದು. ಕೇಂದ್ರದ ವಲಸೆನೀತಿಯ ಅಧ್ಯಯನವು ದೆಹಲಿಯ ಆದೇಶಗಳಿಗೆ ಸೀಮಿತವಾಗದೆ ಜಿಲ್ಲಾ ಪೊಲೀಸ್ ಕಚೇರಿಯ ದಾಖಲೆಗಳನ್ನೂ ಒಳಗೊಳ್ಳಬೇಕಾದುದು ಈ ಕಾರಣದಿಂದಲೇ.