ಕಿವಿ ಮಂದವಿದ್ದರೆ ಎಂಜಿನಿಯರಿಂಗ್ ಬೇಡ ಎನ್ನುವವರಿಗೆ

ಸಿಇಟಿ ಫಲಿತಾಂಶದ ಹೊತ್ತಿಗೆ, ಕಿವಿ ಮಂದವಿರುವ ಮಕ್ಕಳ ಮನೆಗೆ ಸಲಹೆ ಕೊಡುವವರ ದಂಡೇ ಬರುತ್ತದೆ. "ಎಂಜಿನಿಯರಿಂಗ್ ಯಾಕೆ? ಬಿ.ಕಾಂ. ಮಾಡಿಸಿ, ಬ್ಯಾಂಕ್ ಪರೀಕ್ಷೆ ಕಟ್ಟಿಸಿ." ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ ಬಿಡಿ, ತಿಳಿವಳಿಕೆ ಮಾತ್ರ ಹಳೆಯದು.

ತಪ್ಪು ಕಲ್ಪನೆ: ಸರಿಯಾಗಿ ಕೇಳಿಸದವರಿಗೆ ಈ ವೃತ್ತಿ ದಕ್ಕುವುದಿಲ್ಲ.

ಸದ್ದನ್ನು, ಸಂದೇಶವನ್ನು ದೂರಕ್ಕೆ ಸಾಗಿಸುವ ವಿದ್ಯೆಯಲ್ಲೇ ಇಂಥವರು ಎದ್ದು ಕಾಣುತ್ತಾರೆ. 1877ರಲ್ಲಿ ಫೋನೋಗ್ರಾಫ್ ಮಾಡಿದ ಎಡಿಸನ್‌ಗೆ ಚಿಕ್ಕಂದಿನಿಂದಲೇ ಕಿವಿ ಮಂದ. 1904ರಲ್ಲಿ ನಿರ್ವಾತ ಡಯೋಡ್ ರೂಪಿಸಿದ ಫ್ಲೆಮಿಂಗ್‌ಗೂ ಅದೇ ತೊಂದರೆ. ಇಂಟರ್ನೆಟ್‌ನ ಟಿಸಿಪಿ/ಐಪಿ ನಿಯಮಾವಳಿ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ವಿಂಟ್ ಸರ್ಫ್ ಹದಿವಯಸ್ಸಿನಿಂದ ಶ್ರವಣಯಂತ್ರ ಹಾಕಿಕೊಂಡವರು. ಆದರೆ ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹುಡುಗನಿಗೆ ಉಪದೇಶ ಮಾಡುವುದು ನನಗೆ ಒಗ್ಗದು. ತಿಂಗಳ ಸಂಬಳಕ್ಕೆ ದುಡಿಯುವ ಎಂಜಿನಿಯರ್ ಆಗಲು ಎಡಿಸನ್ ಆಗಬೇಕಿಲ್ಲ. ಡ್ರಾಯಿಂಗ್, ಕೋಡ್, ಲೆಕ್ಕ, ಟೆಸ್ಟ್ ರಿಪೋರ್ಟ್ ಎಲ್ಲವೂ ಕಣ್ಣಿಗೆ ಕಾಣುವಂಥವು. ಕೆಲಸದ ಸುತ್ತಲಿನ ಮಾತು ಇದೆಯಲ್ಲ, ಮೀಟಿಂಗು, ಫೋನು, ಕ್ಯಾಂಟೀನಿನಲ್ಲಿ ಆಗಿಬಿಡುವ ತೀರ್ಮಾನ, ತೊಡಕಿರುವುದು ಅಲ್ಲಿ.

ತಪ್ಪು ಕಲ್ಪನೆ: ಮಷಿನ್ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ.

ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಪಷ್ಟವಾಗುವಂತೆ ಇಲ್ಲಿ ಆಗುವುದಿಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಹಾಳಾದರೆ ಮತ್ತೆ ಬೆಳೆಯುವುದಿಲ್ಲ. ಯಂತ್ರ ಸದ್ದನ್ನು ದೊಡ್ಡದು ಮಾಡಬಲ್ಲದು, ಕಳೆದುಹೋದ ಸ್ಪಷ್ಟತೆಯನ್ನು ಪೂರ್ತಿ ಮರಳಿಸಲಾರದು. ಅನೇಕರಿಗೆ ಮೊದಲು ಕೈಕೊಡುವುದು ಹೆಚ್ಚಿನ ಆವರ್ತನದ ಸದ್ದುಗಳು. ಅ, ಓ, ಊ ಗಟ್ಟಿಯಾಗಿ ಕೇಳಿಸುತ್ತವೆ, ಸ, ಶ, ತ ಜಾರಿಹೋಗುತ್ತವೆ. "ಕೇಳ್ಸುತ್ತೆ, ಅರ್ಥ ಆಗಲ್ಲ" ಎಂದು ಅವರು ಹೇಳುವುದು ಇದಕ್ಕೇ. ಗಾಜಿನ ಗೋಡೆಯ ಮೀಟಿಂಗ್ ರೂಮಿನಲ್ಲಿ ಮಾತು ಪ್ರತಿಧ್ವನಿಸುತ್ತದೆ, ಏಸಿ ಗುಂಯ್‌ಗುಡುತ್ತದೆ, ಮೇಜಿನ ಆ ತುದಿಯಿಂದ ಇಬ್ಬರು ಒಟ್ಟಿಗೆ ಮಾತಾಡುತ್ತಾರೆ. ಅಂಥ ಕಡೆ ಒಳ್ಳೆಯ ಮಷಿನ್ನೂ ತಿಣುಕುತ್ತದೆ. ಮಾತಿನ ಚೂರುಗಳನ್ನು ಊಹಿಸಿ ಜೋಡಿಸುತ್ತಾ ಕೂತವರಿಗೆ ಸಂಜೆಯ ಹೊತ್ತಿಗೆ ತಲೆ ಭಾರ. ಅದನ್ನು ಆಸಕ್ತಿ ಇಲ್ಲವೆಂದು ಬರೆದುಕೊಳ್ಳುವ ಮ್ಯಾನೇಜರುಗಳೂ ಇದ್ದಾರೆ.

ತಪ್ಪು ಕಲ್ಪನೆ: ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾರೆ.

ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ "ಪರ", "ಬರ", "ಮರ" ಎಂದು ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಕೂಡಿ ಬಿಡುತ್ತದೆ. ಕ, ಗ ಅಕ್ಷರಗಳಂತೂ ಬಾಯಿಯ ಹಿಂಭಾಗದಲ್ಲೇ ಮುಗಿದುಹೋಗುತ್ತವೆ. ಇನ್ನು ಬಿಳಿಹಲಗೆಯ ಕಡೆ ಮುಖ ತಿರುಗಿಸಿ ವಿವರಿಸುವ ಟೀಮ್ ಲೀಡ್‌ನ ತುಟಿಯನ್ನು ಯಾರು ಓದಬೇಕು?

ಫೋನಿನ ತಂತ್ರಾಂಶ ಇಲ್ಲಿ ನಿಜವಾಗಿಯೂ ನೆರವಿಗೆ ಬಂದಿದೆ. ಮಾತನ್ನು ಆ ಕ್ಷಣವೇ ಅಕ್ಷರವಾಗಿಸುವ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ 2019ರಲ್ಲಿ ಬಂತು. ಅದರ ಹಿಂದೆ ದುಡಿದ ಸಂಶೋಧಕ ಡಿಮಿಟ್ರಿ ಕನೆವ್‌ಸ್ಕಿ ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡವರು. ಅದಕ್ಕೆ ಕನ್ನಡವೂ ಬರುತ್ತದೆ. ಆದರೆ ನಮ್ಮ ಆಫೀಸುಗಳ "ಸರ್, ಬಿಲ್ಡ್ ಫೇಲ್ ಆಯ್ತು, ರೋಲ್‌ಬ್ಯಾಕ್ ಮಾಡ್ಲಾ?" ಎಂಬ ಕಲಬೆರಕೆ ನುಡಿಗೆ ಇಂಥ ತಂತ್ರಾಂಶಗಳು ಎಡವುತ್ತವೆ. ಹಾಗಾಗಿ ಮೀಟಿಂಗಿನ ತೀರ್ಮಾನಗಳನ್ನು ನಾಲ್ಕು ಸಾಲಿನ ಮೇಲ್‌ನಲ್ಲಿ ಕಳಿಸುವುದಕ್ಕೆ ಈಗಲೂ ಬದಲಿ ಇಲ್ಲ. ಅದರಿಂದ ಉಳಿದವರಿಗೂ ಲಾಭವೇ.

ತಪ್ಪು ಕಲ್ಪನೆ: ಕಾರ್ಖಾನೆಯಲ್ಲಿ ಅಂಥವರಿದ್ದರೆ ಅಪಾಯ.

85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿದರೆ ಚೆನ್ನಾಗಿರುವ ಕಿವಿಯೂ ಕೆಡುತ್ತದೆ. ನಮ್ಮ ಕಾರ್ಮಿಕ ಕಾನೂನು ಇದನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಪ್ರೆಸ್ ಶಾಪಿನಲ್ಲಿ ಕಿವಿ ಮುಚ್ಚಿಕೊಂಡು ನಿಂತವರಿಗೆ ಸೈರನ್ ಎಷ್ಟು ಕೇಳೀತು? ಮಿನುಗುವ ದೀಪದ ಎಚ್ಚರಿಕೆ ಅಲ್ಲಿ ಎಲ್ಲರಿಗೂ ಬೇಕು. ಸದ್ದು ಕೇಳಿಯೇ ಬೇರಿಂಗಿನ ದೋಷ ಹಿಡಿಯುವ ಹಳಬರು ಇರುವುದು ನಿಜ. ವೈಬ್ರೇಷನ್ ಮೀಟರ್ ಅದನ್ನೇ ಅಂಕಿಯಲ್ಲಿ ತೋರಿಸುತ್ತದೆ.

ಕಾನೂನಿನ ಬಗ್ಗೆಯೂ ಗೊಂದಲ ಬಹಳ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಿಟ್ಟಿದೆ. ಅದರಲ್ಲಿ ಶೇ. 1 ಕಿವುಡರಿಗೆ ಮತ್ತು ಕಿವಿ ಮಂದವಿರುವವರಿಗೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಸೀಟಿನಲ್ಲಿ ಶೇ. 5 ಅಂಗವಿಕಲರಿಗೆ. ಆದರೆ ಈ ಕಾಯ್ದೆಯ ಲೆಕ್ಕಕ್ಕೆ ಬರಲು ಎರಡೂ ಕಿವಿಯಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವಿರಬೇಕು. ಒಂದೇ ಕಿವಿ ಹೋದವರು, 50ರ ಆಸುಪಾಸಿನವರು ಹೊರಗೇ ಉಳಿಯುತ್ತಾರೆ, ಮೀಟಿಂಗಿನಲ್ಲಿ ಅವರೂ ಅಷ್ಟೇ ಪರದಾಡುತ್ತಾರೆ. ಇದು ಕಾಯ್ದೆಯ ದೊಡ್ಡ ಕೊರತೆ ಎಂದೇ ನನ್ನ ಅನಿಸಿಕೆ. ಎಷ್ಟು ನಷ್ಟವಾಗಿದೆ ಎಂಬುದು ಆಡಿಯೋಗ್ರಾಮ್‌ನಿಂದ ತಿಳಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆ ಪರೀಕ್ಷೆ ಮಾಡುತ್ತಾರೆ. ಸೀಟು ಹಂಚಿಕೆ ಶುರುವಾಗುವ ಮೊದಲೇ ಮಾಡಿಸಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ.

ಕೊನೆಗೆ ಕಂಪನಿಗಳ ಎಚ್.ಆರ್. ವಿಭಾಗದವರಲ್ಲಿ ಒಂದು ವಿನಂತಿ. ಓದು, ಪ್ರಾಜೆಕ್ಟು, ಅಂಕ ಎಲ್ಲವೂ ಇದ್ದ ಅಭ್ಯರ್ಥಿ ಫೋನ್ ಸಂದರ್ಶನದಲ್ಲೇ ಬಿದ್ದುಹೋದರೆ ನೀವು ಅಳೆದದ್ದು ಅವರ ಕಿವಿಯನ್ನು. ಮೊದಲ ಸುತ್ತಿಗೆ ಕ್ಯಾಪ್ಷನ್ ಇರುವ ವಿಡಿಯೋ ಕರೆ ಅಥವಾ ಲಿಖಿತ ಚಾಟ್ ಬೇಕೇ ಎಂದು ಎಲ್ಲ ಅಭ್ಯರ್ಥಿಗಳನ್ನೂ ಆಹ್ವಾನದ ಪತ್ರದಲ್ಲೇ ಕೇಳಿ.